ಚಾರ್ಟಿನ ಮೇಲಿದ್ದ ಹೆಸರು

"ಸರ್, ಇದರಲ್ಲಿ ಪೇಷಂಟ್ ಹೆಸರು ಹಾಗೇ ಇದೆ. ಹುಟ್ಟಿದ ತಾರೀಕೂ ಇದೆ."

"ಅದನ್ನ ನೋಡ್ಬೇಡಿ. ನೀವು ಕೋಡ್ ಬರೀರಿ, ಸಾಕು."

ಇಷ್ಟೇ ಮಾತು. ಮೊನ್ನೆ ಮಂಗಳವಾರ ಹೊಸೂರು ರಸ್ತೆ ಕಡೆಯ ಒಂದು ಆಫೀಸಿನಲ್ಲಿ, ಇಂಟರ್‌ವ್ಯೂಗೆ ಬಂದವರು ತುಂಬಿದ್ದ ಹಾಲಿನಲ್ಲಿ ನಡೆದದ್ದು. ಅವತ್ತಿನಿಂದ ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ, ರಾತ್ರಿ ಮಲಗುವ ಮುಂಚೆ ಅದೇ ಎರಡು ಸಾಲು ನನ್ನ ಕಿವಿಯಲ್ಲಿ ಕೇಳುತ್ತಿವೆ. ಮೊದಲ ಸಾಲು ಹೇಳಿದವಳು ಚಿತ್ರದುರ್ಗ ಕಡೆಯ ಹುಡುಗಿ. ಬಿ.ಫಾರ್ಮ ಮುಗಿಸಿ, ಮೆಡಿಕಲ್ ಕೋಡಿಂಗ್ ಕೋಚಿಂಗ್ ಮಾಡಿ, ಪಿಜಿಯಲ್ಲಿದ್ದುಕೊಂಡು ಮೊದಲ ಕೆಲಸ ಹುಡುಕುತ್ತಿದ್ದಾಳೆ. ಉತ್ತರ ಕೊಟ್ಟವರು ಅಲ್ಲಿನ ಟೀಮ್ ಲೀಡ್.

ಆ ಕಂಪನಿಯ ಕೆಲಸ ಅಮೆರಿಕದ ಆಸ್ಪತ್ರೆಗಳ ರೋಗಿಗಳ ದಾಖಲೆ, ಅಂದರೆ ಚಾರ್ಟ್, ಓದುವುದು. ಡಾಕ್ಟರು ಬರೆದದ್ದನ್ನು ಓದಿ, ರೋಗಕ್ಕೊಂದು ಕೋಡ್, ಚಿಕಿತ್ಸೆಗೊಂದು ಕೋಡ್ ಹಾಕುತ್ತಾರೆ. ಆ ಕೋಡ್ ನೋಡಿ ಇನ್ಶೂರೆನ್ಸ್‌ನವರು ದುಡ್ಡು ಕೊಡುತ್ತಾರೆ. 2015ರ ಅಕ್ಟೋಬರ್ 1ರಂದು ಅಮೆರಿಕ ಐಸಿಡಿ-10 ಅನ್ನುವ ಹೊಸ ಕೋಡ್ ಪಟ್ಟಿಗೆ ಬದಲಾಯಿತು. ಅಲ್ಲಿಯವರೆಗೆ ರೋಗಗಳಿಗೆ ಸುಮಾರು 14 ಸಾವಿರ ಕೋಡ್ ಇದ್ದವು, ಆಮೇಲೆ ಸುಮಾರು 70 ಸಾವಿರ ಆದವು. ಅಷ್ಟನ್ನು ಕೂತು ಓದುವ ಕೈಗಳು ಬೆಂಗಳೂರು, ಚೆನ್ನೈ, ಹೈದರಾಬಾದಿನಲ್ಲಿ ಇವೆ. ನಾನು ನರ್ಸಿಂಗ್ ಬಿಟ್ಟು ಈ ಕೆಲಸಕ್ಕೆ ಬಂದವಳು. ಈಗ ಕಂಪನಿ ಬದಲಾಯಿಸೋಣ ಅಂತ ಅಲ್ಲಿಗೆ ಹೋಗಿದ್ದೆ. ಅನುಭವ ಇದ್ದವರನ್ನೂ ಫ್ರೆಶರ್‌ಗಳನ್ನೂ ಒಂದೇ ಹಾಲಿನಲ್ಲಿ ಕೂರಿಸಿದ್ದರು.

ಗೇಟಿನಲ್ಲಿದ್ದ ಸೆಕ್ಯುರಿಟಿ ಅಣ್ಣನನ್ನು ಹೊಗಳಲೇಬೇಕು. ಪ್ರತಿಯೊಬ್ಬರ ಮೊಬೈಲಿನ ಹಿಂದೆ ಮುಂದೆ ಕ್ಯಾಮೆರಾ ಮೇಲೆ ಸ್ಟಿಕ್ಕರ್ ಅಂಟಿಸಿದರು. ಒಬ್ಬ ಹುಡುಗ ಗೊಣಗಿದ್ದಕ್ಕೆ, "ಒಳಗೆ ಜನರ ಕಾಯಿಲೆ ವಿಷಯ ಇರುತ್ತಪ್ಪ, ಫೋಟೋ ಗೀಟೋ ಆಗ್ಬಾರ್ದು" ಅಂದರು. ಅವತ್ತು ಆ ಕಟ್ಟಡದಲ್ಲಿ ಈ ವಿಷಯವನ್ನು ಇಷ್ಟು ಸರಿಯಾಗಿ ಹೇಳಿದವರು ಅವರೊಬ್ಬರೇ.

ಒಳಗೆ ಹೋದರೆ ಮೇಜಿನ ಮೇಲೆ ಒಂದು ರಿಜಿಸ್ಟರ್. ಹೆಸರು, ಫೋನ್ ನಂಬರ್, ಈಗಿನ ಸಂಬಳ, ಕೇಳುವ ಸಂಬಳ ಬರೆಯಬೇಕು. ನನಗಿಂತ ಮುಂಚೆ ಬಂದವರ ಸಂಬಳ ಎಲ್ಲಾ ನನಗೆ ಕಾಣುತ್ತಿತ್ತು. ನನ್ನದು ಹಿಂದಿದ್ದವರಿಗೆ ಕಾಣುತ್ತಿತ್ತು. ಆಧಾರ್ ಜೆರಾಕ್ಸ್, ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಎಲ್ಲಾ ಒಂದು ಟ್ರೇಯಲ್ಲಿ ಬಾಯಿ ತೆರೆದುಕೊಂಡು ಬಿದ್ದಿದ್ದವು. ಕೆಲಸ ಕೇಳಿಕೊಂಡು ಬಂದವರು ಇದಕ್ಕೆಲ್ಲ ಏನೂ ಅನ್ನುವುದಿಲ್ಲ. ಅನ್ನುವುದಿಲ್ಲ ಅಂತ ಅವರಿಗೂ ಗೊತ್ತು.

ಮೊದಲು ಬಾಯಿ ಪ್ರಶ್ನೆ. "ಹಿಪಾ ಅಂದ್ರೆ ಏನು?" ಈ ಫೀಲ್ಡಿನಲ್ಲಿ ಇದನ್ನು ಕೇಳದ ಇಂಟರ್‌ವ್ಯೂ ಇಲ್ಲ. ಹುಡುಗಿ ಎದ್ದು ನಿಂತು ಚೆನ್ನಾಗಿ ಹೇಳಿದಳು. ರೋಗಿಗಳ ಮಾಹಿತಿ ಗುಟ್ಟಾಗಿಡಬೇಕು ಅನ್ನುವ, 1996ರ ಅಮೆರಿಕದ ಕಾನೂನು. ರೋಗಿಯ ಗುರುತು ಸಿಗುವ ಹದಿನೆಂಟು ವಿವರಗಳನ್ನು ತೆಗೆದರೆ ದಾಖಲೆಯನ್ನು ಬೇರೆ ಕೆಲಸಕ್ಕೆ ಬಳಸಬಹುದು. ಹೆಸರು, ರಾಜ್ಯಕ್ಕಿಂತ ಚಿಕ್ಕ ವಿಳಾಸ, ವರ್ಷ ಬಿಟ್ಟು ಉಳಿದ ತಾರೀಕುಗಳು, ಫೋನು, ಫ್ಯಾಕ್ಸು, ರೆಕಾರ್ಡ್ ನಂಬರು ಅಂತ ಬೆರಳು ಮಡಚುತ್ತಾ ಹೋದಳು. 89 ವರ್ಷ ದಾಟಿದವರ ವಯಸ್ಸನ್ನೂ ಹಾಗೇ ಬರೆಯುವಂತಿಲ್ಲ, ಅಷ್ಟು ವಯಸ್ಸಾದವರು ಊರಿಗೆ ಒಬ್ಬರೋ ಇಬ್ಬರೋ ಇರುತ್ತಾರೆ, ಸುಲಭವಾಗಿ ಗೊತ್ತಾಗಿಬಿಡುತ್ತದೆ ಅಂತಲೂ ಸೇರಿಸಿದಳು. ಟೀಮ್ ಲೀಡ್ "ವೆರಿ ಗುಡ್" ಅಂದರು.

ಆಮೇಲೆ ಚಾರ್ಟ್ ಹಂಚಿದರು. ಎಲ್ಲರಿಗೂ ಒಂದೇ ಚಾರ್ಟಿನ ಜೆರಾಕ್ಸ್. ಆಗಲೇ ಅವಳು ಕೈ ಎತ್ತಿದ್ದು.

ಆ ಚಾರ್ಟ್ ಒಬ್ಬ ಅಜ್ಜಿಯದು. ರಾಜ್ಯದ ಹೆಸರು ಹೇಳಿದರೆ ನಿಯಮ ಮುರಿದಂತಾಗುವುದಿಲ್ಲ, ಆದರೂ ಹೇಳುವುದಿಲ್ಲ. ಎದೆನೋವು ಅಂತ ಬಂದಿದ್ದರು. ಡಾಕ್ಟರು ಹಾರ್ಟ್ ಅಟ್ಯಾಕ್ ಇರಬಹುದಾ ನೋಡಬೇಕು ಅಂತ ಬರೆದಿದ್ದರು. ಇಲ್ಲಿ ಫ್ರೆಶರ್‌ಗಳು ಎಡವುತ್ತಾರೆ. ಹೊರರೋಗಿಗಳ ಚಾರ್ಟಿನಲ್ಲಿ "ಇರಬಹುದು" ಅಂತ ಇದ್ದದ್ದನ್ನು ಕಾಯಿಲೆ ಅಂತ ಕೋಡ್ ಮಾಡುವ ಹಾಗಿಲ್ಲ. ಖಚಿತವಾಗಿ ಗೊತ್ತಿರುವುದು ಎದೆನೋವು ಮಾತ್ರ, ಆದ್ದರಿಂದ ಆರ್07.9. ಆತುರ ಪಟ್ಟು ಹಾರ್ಟ್ ಅಟ್ಯಾಕಿನ ಕೋಡ್ ಐ21 ಹಾಕಿದರೆ ಆ ಅಜ್ಜಿಯ ದಾಖಲೆಯಲ್ಲಿ ಆಗದೇ ಇದ್ದ ಹಾರ್ಟ್ ಅಟ್ಯಾಕ್ ಸೇರಿಹೋಗುತ್ತದೆ. ಮುಂದೆ ನೋಡುವ ಪ್ರತಿ ಡಾಕ್ಟರೂ ಅದನ್ನೇ ನಂಬುತ್ತಾರೆ. ಈ ನಿಯಮ ನನಗೆ ತುಂಬಾ ಇಷ್ಟ. ಗೊತ್ತಿಲ್ಲದ್ದನ್ನು ಒಬ್ಬರ ತಲೆಗೆ ಕಟ್ಟಬೇಡ ಅನ್ನುತ್ತದೆ. ಕೆಳಗೆ ಮನೆ ವಿಷಯ ಬರೆಯುವ ಜಾಗದಲ್ಲಿ ಒಬ್ಬರೇ ಇರುತ್ತಾರೆ ಅಂತ ಇತ್ತು. ಒಂಟಿಯಾಗಿ ಬದುಕುವ ತೊಂದರೆಗೂ ಐಸಿಡಿ-10ರಲ್ಲಿ ಕೋಡ್ ಇದೆ, ಝಡ್60.2. ಇಷ್ಟೆಲ್ಲ ಇದ್ದ ಹಾಳೆಯ ನೆತ್ತಿಯ ಮೇಲೆ ಪೂರ್ತಿ ಹೆಸರು, ಹುಟ್ಟಿದ ತಾರೀಕು, ರೆಕಾರ್ಡ್ ನಂಬರ್, ಕ್ಲಿನಿಕ್ಕಿನ ಫ್ಯಾಕ್ಸ್ ಸಾಲು.

"ಹೌದು ಸರ್, ನನ್ನ ಪೇಪರ್‌ನಲ್ಲೂ ಇದೆ" ಅಂತ ನಾನೂ ಹೇಳಿದೆ. ಟೀಮ್ ಲೀಡ್ ನನ್ನ ಕಡೆ ನೋಡಿ, "ಮೇಡಂ, ಟೈಮ್ ಶುರುವಾಗಿದೆ" ಅಂದರು. ಹಿಂದಿನ ಬೆಂಚಿನಿಂದ ಯಾರೋ "ಇವರಿಂದ ನಮಗೂ ಲೇಟು" ಅಂದರು.

ಕಥೆ ಕೇಳಿದ ಗೆಳತಿಯೊಬ್ಬಳು, "ಅದು ಸುಮ್ನೆ ಕಟ್ಟಿದ ಹೆಸರು ಇರಬಹುದು ಕಣೆ" ಅಂದಳು. ಇರಬಹುದು. ಆದರೆ ಹಾಗಿದ್ದರೆ "ಅದು ನಿಜವಾದ ಹೆಸರಲ್ಲ" ಅನ್ನಲು ಎಷ್ಟು ಹೊತ್ತು ಬೇಕು? ಅವರು ಹಾಗನ್ನಲಿಲ್ಲ. ನೋಡ್ಬೇಡಿ ಅಂದರು. ಕಟ್ಟಿದ ಹೆಸರನ್ನು ಯಾಕೆ ನೋಡಬಾರದು?

ಟೆಸ್ಟ್ ಮುಗಿದ ಮೇಲೆ ಪೇಪರ್ ವಾಪಸ್ ಎಣಿಸಿ ತೆಗೆದುಕೊಳ್ಳಲೇ ಇಲ್ಲ. ನನ್ನ ಪಕ್ಕದ ಹುಡುಗ ಚಾರ್ಟನ್ನು ನಾಲ್ಕು ಮಡಿಕೆ ಮಾಡಿ ಶರ್ಟಿನ ಜೇಬಿಗೆ ಇಟ್ಟುಕೊಂಡ. ಯಾಕಪ್ಪ ಅಂತ ಕೇಳಿದರೆ, "ಕೋಚಿಂಗ್ ಗ್ರೂಪ್‌ಗೆ ಹಾಕ್ತೀನಿ ಅಕ್ಕ, ನಾಳೆ ಬರೋರಿಗೆ ಹೆಲ್ಪ್ ಆಗುತ್ತೆ" ಅಂದ. ಒಳ್ಳೆ ಹುಡುಗ, ಗೆಳೆಯರಿಗೆ ಸಹಾಯ ಆಗಲಿ ಅನ್ನುವುದು ಬಿಟ್ಟರೆ ಅವನ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ. "ನಿಮ್ಮಮ್ಮನ ರಿಪೋರ್ಟ್ ಹೀಗೆ ಯಾರದ್ದೋ ಗ್ರೂಪಿನಲ್ಲಿ ಓಡಾಡಿದ್ರೆ?" ಅಂದೆ. ಮುಖ ಸಣ್ಣದು ಮಾಡಿಕೊಂಡು ತೆಗೆದು ಕೊಟ್ಟ. ನಾನು ಅದನ್ನು ಎಚ್‌ಆರ್ ಹುಡುಗಿಯ ಕೈಗೆ ಕೊಟ್ಟೆ. ಅವಳು "ಥ್ಯಾಂಕ್ಸ್ ಮ್ಯಾಮ್" ಅಂತ ಅದೇ ಟ್ರೇಗೆ ಹಾಕಿದಳು, ಆಧಾರ್ ಜೆರಾಕ್ಸುಗಳ ಮೇಲೆ. ಇನ್ನೆಷ್ಟು ಪ್ರತಿ ಹೊರಗೆ ಹೋದವೋ.

ನನ್ನ ರೌಂಡ್ ಚೆನ್ನಾಗೇ ಆಯಿತು. ಗಂಟೆಗೆ ಎಷ್ಟು ಚಾರ್ಟ್ ಮಾಡ್ತೀರಿ, ಕ್ವಾಲಿಟಿ ಎಷ್ಟು ಪರ್ಸೆಂಟ್, ನೋಟಿಸ್ ಪೀರಿಯಡ್ ಎಷ್ಟು ದಿನ. ಕೊನೆಗೆ ನಾನು ಮತ್ತೆ ಆ ಹೆಸರಿನ ವಿಷಯ ಎತ್ತಿದೆ. "ಹಳೇ ಪೇಪರ್ ಮೇಡಂ, ಯಾರೋ ಪ್ರಿಂಟ್ ತೆಗೆದಿಟ್ಟಿದ್ರು, ಅದನ್ನೇ ಜೆರಾಕ್ಸ್ ಮಾಡಿಸ್ತಾ ಬಂದಿದ್ದೀವಿ" ಅಂದರು ಟೀಮ್ ಲೀಡ್. ಕೆಟ್ಟ ಮನುಷ್ಯ ಅಂತ ಅನಿಸಲಿಲ್ಲ. ಕಣ್ಣು ಕೆಂಪಾಗಿದ್ದವು, ರಾತ್ರಿ ಶಿಫ್ಟ್ ಮುಗಿಸಿ ಹಾಗೇ ಬಂದಂತಿದ್ದರು. ಆದರೆ ಆಯಾಸ ಅನ್ನುವುದನ್ನು ಕಾರಣ ಅಂತ ನಾನು ಒಪ್ಪುವುದಿಲ್ಲ. ಅಷ್ಟು ಸಲ ಜೆರಾಕ್ಸ್ ಆದ ಹಾಳೆ ಅದು. ಒಂದು ಸಲ ಕಪ್ಪು ಮಾರ್ಕರ್ ಎಳೆದಿದ್ದರೆ ಮುಗಿಯುತ್ತಿತ್ತು.

ಹುಡುಗಿ ಬಸ್ ಸ್ಟಾಪಿನಲ್ಲಿ ಸಿಕ್ಕಳು. ಅಳುತ್ತಿರಲಿಲ್ಲ, ಆದರೆ ದನಿ ಸರಿ ಇರಲಿಲ್ಲ. ಅವಳ ಆರ್07.9 ಸರಿಯಾಗಿತ್ತಂತೆ. ಆದರೂ, "ಕೆಲಸಕ್ಕೆ ಸೇರೋ ಮುಂಚೆನೇ ನಮಗೆ ರೂಲ್ಸ್ ಹೇಳ್ತೀರಾ?" ಅಂತ ಕೇಳಿ, ತಿಳಿಸ್ತೀವಿ ಅಂತ ಕಳಿಸಿದರಂತೆ. "ಅಕ್ಕ, ನಾನು ಸುಮ್ನೆ ಇರಬೇಕಿತ್ತಾ?" ಅಂದಳು.

ಬೇಡ ಪುಟ್ಟಾ ಅಂದೆ. ಈಗಲೂ ಅದನ್ನೇ ಹೇಳುತ್ತೇನೆ. ಹದಿನೆಂಟು ವಿವರ ಬಾಯಿಪಾಠ ಮಾಡಿದವರು ಆ ಹಾಲಿನಲ್ಲಿ ಬೇಕಾದಷ್ಟು ಜನ ಇದ್ದರು. ಅದು ಕಣ್ಣೆದುರು ಬಂದಾಗ ಗುರುತು ಹಿಡಿದು ಮೊದಲು ಬಾಯಿ ಬಿಟ್ಟವಳು ಇವಳು. ಆ ಕೆಲಸಕ್ಕೆ ಬೇಕಾದದ್ದು ಇದೇ ತಾನೆ? ಕೋಡ್ ಕಲಿಸಬಹುದು. ಆರು ತಿಂಗಳು ಕೂರಿಸಿದರೆ ಯಾರಾದರೂ ಕಲಿಯುತ್ತಾರೆ. ಹಾಳೆಯ ಮೇಲಿನ ಹೆಸರು ಕಂಡಾಗ ಅಲ್ಲೊಬ್ಬ ಮನುಷ್ಯರಿದ್ದಾರೆ ಅಂತ ತಟ್ಟುವುದನ್ನು ಯಾವ ಟ್ರೈನಿಂಗ್ ಕಲಿಸುತ್ತದೆ? ತಟ್ಟಿದವಳನ್ನೇ ಬಾಗಿಲಿನಿಂದ ವಾಪಸ್ ಕಳಿಸಿದರೆ, ಒಳಗೆ ಉಳಿಯುವವರು ಏನು ಕಲಿತಿರುತ್ತಾರೆ?

ಇದು ಆ ಒಂದು ಆಫೀಸಿನ ರೋಗ ಅಲ್ಲ. ನಾನು ವಾರ್ಡಿನಲ್ಲಿ ಕೆಲಸ ಮಾಡಿದವಳು. ಮಂಚದ ಕಾಲ ಬಳಿ ಕೇಸ್ ಶೀಟ್ ನೇತಾಡುತ್ತಿರುತ್ತಿತ್ತು, ಪಕ್ಕದ ಬೆಡ್ಡಿನವರ ನೆಂಟರು ಓದಿಕೊಂಡು ಹೋಗುತ್ತಿದ್ದರು. ಲ್ಯಾಬ್ ಕೌಂಟರಿನಲ್ಲಿ ಹೆಸರಿನ ಜೊತೆಗೆ ಯಾವ ಟೆಸ್ಟ್ ಅನ್ನುವುದನ್ನೂ ಕೂಗಿ ಕರೆಯುವುದನ್ನು ಎಷ್ಟು ಸಲ ಕೇಳಿದ್ದೇನೆ! ಒಬ್ಬ ಹೆಂಗಸು ಅವಳ ಹೆಸರು ಹಾಗೆ ಕೂಗಿದಾಗ ರಿಪೋರ್ಟ್ ಬಿಟ್ಟು ಹೋಗಿಬಿಟ್ಟಳು. ಎಚ್‌ಐವಿ ಇರುವವರ ವಿಷಯ ಗುಟ್ಟಾಗಿಡಬೇಕು ಅಂತ 2017ರಲ್ಲೇ ನಮ್ಮ ದೇಶದಲ್ಲಿ ಕಾನೂನು ಬಂದಿದೆ. 2023ರಲ್ಲಿ ಎಲ್ಲರ ಡಿಜಿಟಲ್ ಮಾಹಿತಿಗೂ ಒಂದು ಕಾನೂನು ಆಯಿತು. ಈಗ ಹದಿನಾಲ್ಕು ಅಂಕಿಯ ಆಭಾ ಅನ್ನುವ ಆರೋಗ್ಯ ಖಾತೆ ನಂಬರ್ ಮಾಡಿಸಿ, ನಮ್ಮ ದಾಖಲೆಗಳನ್ನೂ ಅದಕ್ಕೆ ಜೋಡಿಸಿ ಅನ್ನುತ್ತಿದ್ದಾರೆ. ಒಳ್ಳೆಯದೇ. ಅಪ್ಪನ ಹಳೇ ಇಸಿಜಿ ಹುಡುಕಿಕೊಂಡು ಕವರ್ ಕವರ್ ತಡಕಾಡುವುದು ತಪ್ಪುತ್ತದೆ. ಆದರೆ ನಾಳೆ ಆ ದಾಖಲೆ ಓದುವವರೂ ಇದೇ ಹಾಲಿನಲ್ಲಿ ಟೆಸ್ಟ್ ಬರೆದು ಬಂದವರೇ ಆಗಿರುತ್ತಾರೆ. ಅವರಿಗೆ ಮೊದಲ ದಿನವೇ ಕಲಿಸಿದ್ದು "ಅದನ್ನ ನೋಡ್ಬೇಡಿ" ಅಂತಾದರೆ?

ಬುಧವಾರ ಎಚ್‌ಆರ್ ಫೋನ್ ಮಾಡಿ ನನ್ನನ್ನು ಮುಂದಿನ ರೌಂಡಿಗೆ ಕರೆದರು. ಆ ಚಾರ್ಟನ್ನು ಹಿಂದಕ್ಕೆ ತೆಗೆದಿದ್ದೀರಾ ಅಂತ ಕೇಳಿದೆ. "ಚೆಕ್ ಮಾಡಿ ಹೇಳ್ತೀನಿ ಮ್ಯಾಮ್" ಅಂದಳು. ಹೇಳಿದ ಮೇಲೆ ಬರುತ್ತೇನೆ ಅಂದೆ. ಅವತ್ತೇ ನಿಯಮ ಪಾಲನೆ ನೋಡಿಕೊಳ್ಳುವ ಅವರ ಕಂಪ್ಲಯನ್ಸ್ ವಿಭಾಗಕ್ಕೆ ಮೇಲ್ ಬರೆದೆ, ಯಾರನ್ನೂ ದೂರದೆ, ನಡೆದದ್ದನ್ನು ಮಾತ್ರ. ಆಸ್ಪತ್ರೆ ಪರವಾಗಿ ದಾಖಲೆ ಮುಟ್ಟುವ ಕಂಪನಿಗಳೂ, ಅವರ ಕೆಳಗೆ ಗುತ್ತಿಗೆ ಹಿಡಿದವರೂ ನೇರವಾಗಿ ಹೊಣೆ ಅಂತ 2013ರಲ್ಲೇ ಹಿಪಾ ನಿಯಮ ಬದಲಾಗಿದೆ, ಅದನ್ನೂ ಬರೆದೆ. ಇನ್ನೂ ಉತ್ತರ ಬಂದಿಲ್ಲ.

ಹುಡುಗಿಗೆ ಸೋಮವಾರ ಬೇರೆ ಕಡೆ ಇಂಟರ್‌ವ್ಯೂ ಇದೆ. ನಿನ್ನೆ ರಾತ್ರಿ ಫೋನಿನಲ್ಲಿ, ಚಿಕಿತ್ಸೆಯ ಕೋಡಿನ ಜೊತೆ ಸೇರಿಸುವ ಮಾಡಿಫೈಯರ್ 25, 59 ಎಲ್ಲಿ ಹಾಕಬೇಕು ಅಂತ ಇಬ್ಬರೂ ಕೂತು ನೋಡಿದೆವು. ಚುರುಕಾಗಿದ್ದಾಳೆ. ಕೋಡರ್‌ಗಳಿಗೆ ಕೊಡುವ ಸಿಪಿಸಿ ಸರ್ಟಿಫಿಕೇಟ್ ಇನ್ನೂ ಆಗಿಲ್ಲ, ಅದರ ಫೀಸಿಗೆ ಮೊದಲ ಸಂಬಳ ಬರಬೇಕು. ಇದನ್ನು ಓದುತ್ತಿರುವ ನಿಮ್ಮಲ್ಲಿ ಯಾರಾದರೂ ಕೋಡಿಂಗ್ ಕಂಪನಿಯಲ್ಲಿದ್ದು, ಅಲ್ಲಿ ಫ್ರೆಶರ್‌ಗಳನ್ನು ತೆಗೆದುಕೊಳ್ಳುತ್ತಿದ್ದರೆ ನನಗೆ ತಿಳಿಸಿ. ಅವಳನ್ನು ಕೇಳಿ ನಂಬರ್ ಕೊಡುತ್ತೇನೆ.