ಯುಗಾದಿಯ ರುಚಿ ದೀಪಾವಳಿಗೆ ಏಕಿಲ್ಲ?

"ಅದೇ ಅಂಗಡಿ, ಅದೇ ಪುಡಿ, ಅದೇ ಫಿಲ್ಟರ್. ಯುಗಾದಿಯಲ್ಲಿದ್ದ ರುಚಿ ಈಗೇಕೆ ಇಲ್ಲ? ಏನಾದರೂ ಬೆರೆಸುತ್ತೀರಾ?"

ತುಮಕೂರಿನಲ್ಲಿ ಕಾಫಿಬೀಜ ಹುರಿದು ಪುಡಿ ಮಾಡಿ ಮಾರುವ ನನಗೆ ದೀಪಾವಳಿಯ ಆಸುಪಾಸಿನಲ್ಲಿ ಈ ಪ್ರಶ್ನೆ ತಪ್ಪುವುದಿಲ್ಲ. ಕೊನೆಯ ಮಾತು ಕೇಳಿದಾಗ ಮನಸ್ಸಿಗೆ ನೋವಾಗುತ್ತದೆ. ನೀವು ಹೇಳಿದಷ್ಟು ಚಿಕೋರಿ ಬಿಟ್ಟು ಬೇರೇನನ್ನೂ ನಾನು ಬೆರೆಸುವುದಿಲ್ಲ. ಬದಲಾಗಿರುವುದು ಬೀಜದ ವಯಸ್ಸು.

ನಮ್ಮ ಸೀಮೆಯವರಿಗೆ ಇದನ್ನು ನಂಬುವುದು ಕಷ್ಟ. ನಮ್ಮ ಹಿರಿಯರು ಹಗೇವಿನಲ್ಲಿ ವರ್ಷಗಟ್ಟಲೆ ರಾಗಿ ಕಾಪಾಡಿದವರು. ಅನ್ನ ಉದುರುದುರಾಗಲೆಂದು ಹಳೆಯ ಅಕ್ಕಿಯನ್ನೇ ಹುಡುಕಿ ತಂದವರು. ತಿಪಟೂರಿನ ಕಡೆ ತೆಂಗಿನಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕುಳಿತರೇ ಉಂಡೆ ಕೊಬ್ಬರಿ. ಇಟ್ಟಷ್ಟೂ ಹದ ಬರುತ್ತದೆ ಎಂಬ ತಿಳಿವಳಿಕೆ ಈ ನೆಲದ್ದು. ಕಾಫಿ ಆ ಲೆಕ್ಕಕ್ಕೆ ಸಿಗುವುದಿಲ್ಲ.

ಚಿಕ್ಕಮಗಳೂರು, ಹಾಸನ, ಕೊಡಗಿನ ತೋಟಗಳಲ್ಲಿ ಮಾರ್ಚ್–ಏಪ್ರಿಲ್‌ನ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಗಿಡ ಬಿಳಿಯಾಗಿ ಅರಳುತ್ತದೆ. ಅರೇಬಿಕಾ ಹಣ್ಣಾಗಲು ಎಂಟು ಒಂಬತ್ತು ತಿಂಗಳು, ರೊಬಸ್ಟಾಕ್ಕೆ ಇನ್ನೂ ಒಂದೆರಡು ತಿಂಗಳು ಹೆಚ್ಚು. ಹೀಗಾಗಿ ಅರೇಬಿಕಾದ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ. ರೊಬಸ್ಟಾ ಅದರ ಬೆನ್ನಿಗೆ ಬರುತ್ತದೆ. ವರ್ಷಕ್ಕೆ ಇದೊಂದೇ ಕೊಯ್ಲು. ಇದರಲ್ಲಿ ಬಂದದ್ದನ್ನೇ ಮುಂದಿನ ಕೊಯ್ಲಿನವರೆಗೆ ಕುಡಿಯಬೇಕು.

ಒಂದೇ ಕೊಯ್ಲಿನೊಳಗೂ ಎಲ್ಲ ಚೀಲ ಒಂದೇ ಆಗಿರುವುದಿಲ್ಲ. ನಡುವಿನ ಸುತ್ತುಗಳಲ್ಲಿ ಕೆಂಪಗೆ ತುಂಬಿದ ಹಣ್ಣನ್ನೇ ಆರಿಸಿ ಬಿಡಿಸುತ್ತಾರೆ. ಸಿಹಿ ಇರುವುದು ಅಲ್ಲಿ. ಕೊನೆಯ ಸುತ್ತಿನಲ್ಲಿ ಗಿಡವನ್ನು ಬರಿದು ಮಾಡುವಾಗ ಕಾಯಿ, ಹಣ್ಣು, ಒಣಗಿದ್ದು ಎಲ್ಲವೂ ಒಟ್ಟಿಗೆ ಉದುರುತ್ತವೆ. ಕೊಯ್ಲಿನ ನಡುವೆ ಮಳೆ ಬಂದರಂತೂ ಹಣ್ಣು ಗಿಡದಲ್ಲೇ ಒಡೆಯುತ್ತದೆ, ಕಣದಲ್ಲಿ ಹರಡಿದ್ದು ಒಣಗದೆ ಮುಗ್ಗುತ್ತದೆ. 2021ರ ನವೆಂಬರ್‌ನ ಅಕಾಲಿಕ ಮಳೆ ಹಾಗೆಯೇ ಬಂದಿತ್ತು.

ಒಣಗಿಸಿದ, ಇನ್ನೂ ಹುರಿಯದ ಬೀಜದಲ್ಲಿ ಶೇಕಡಾ 10–11ರಷ್ಟು ತೇವ ಉಳಿದಿರಬೇಕು. ಹೆಸರೇ ಹೇಳುವಂತೆ ಅದು ಬೀಜ. ಕೆಲವು ತಿಂಗಳು ಮೊಳೆಯುವ ಶಕ್ತಿಯನ್ನೂ ಉಳಿಸಿಕೊಂಡಿರುತ್ತದೆ. ತೀರಾ ಹೊಸದರಲ್ಲಿ ಒಂದು ಬಗೆಯ ಹಸಿ ಹುಲ್ಲಿನ ಒಗರು ಇರುತ್ತದೆ, ಆದ್ದರಿಂದ ಸಂಕ್ರಾಂತಿಗೆ ಬಂದದ್ದನ್ನು ನಾನು ತಕ್ಷಣ ಹುರಿಯುವುದಿಲ್ಲ. ಒಂದೆರಡು ತಿಂಗಳು ವಿಶ್ರಾಂತಿ ಕೊಟ್ಟರೆ ಒಗರು ಇಳಿದು ಹಣ್ಣಿನ ಹುಳಿ, ಬೆಲ್ಲದಂಥ ಸಿಹಿ ಮೇಲೆ ಬರುತ್ತವೆ. ನನ್ನ ನಾಲಿಗೆಗೆ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಅರೇಬಿಕಾಕ್ಕೆ ಸಮವಿಲ್ಲ. ಆಮೇಲೆ ಬೀಜ ತನ್ನನ್ನೇ ತಾನು ಕರಗಿಸಿಕೊಳ್ಳುತ್ತಾ ಹೋಗುತ್ತದೆ. ಒಳಗಿನ ಎಣ್ಣೆ ಗಾಳಿ ತಗುಲಿ ಕೆಡುತ್ತದೆ. ಮೊದಲು ಹೋಗುವುದು ಹುಳಿ, ಅದರ ಜೊತೆಗೇ ಪರಿಮಳ. ಬಿಸಿಲಿನ ಸೆಕೆಯೂ ಮಳೆಗಾಲದ ತೇವದ ಗಾಳಿಯೂ ಈ ಕೆಲಸವನ್ನು ಇನ್ನಷ್ಟು ಬೇಗ ಮಾಡಿ ಮುಗಿಸುತ್ತವೆ.

ಕೆಲವು ವರ್ಷಗಳ ಹಿಂದೆ ಒಂದು ಮೇ ತಿಂಗಳಿನಲ್ಲಿ ಒಬ್ಬ ವ್ಯಾಪಾರಿ ಹೊಸ ಬೆಳೆ ಎಂದು ನಾಲ್ಕು ಚೀಲ ಅರೇಬಿಕಾ ಕಳಿಸಿದರು. ಬೆಲೆ ಇಳಿದಿತ್ತು; ನಾನು ಹೆಚ್ಚು ವಿಚಾರಿಸಲಿಲ್ಲ. ಚೀಲ ಬಿಚ್ಚಿದಾಗಲೇ ಅನುಮಾನ ಬಂತು. ಹುಣಸೆಹಣ್ಣು ಹಳತಾದರೆ ಕಪ್ಪಾಗುತ್ತದೆ, ತುಮಕೂರಿನವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಾಫಿಬೀಜ ಹಳತಾದರೆ ಬಿಳಚಿಕೊಳ್ಳುತ್ತದೆ. ಹೊಸ ಬೀಜಕ್ಕೆ ಇರುವ ನೀಲಿಹಸಿರು ಬಣ್ಣದ ಬದಲು ಇವು ಒಣಹುಲ್ಲಿನಂತಿದ್ದವು. ತೇವ ಆರಿಹೋಗಿದ್ದರಿಂದ ಎಂದಿನ ಉರಿಗೇ ಬಹಳ ಬೇಗ ಕಾದು, ಒಳಗು ಬೇಯುವ ಮೊದಲೇ ಮೈ ಕಪ್ಪಿಟ್ಟಿತು. ಡಿಕಾಕ್ಷನ್ ಇಳಿಸಿದರೆ ನೆನೆದ ಗೋಣಿಯ ವಾಸನೆ, ಬಾಯಲ್ಲಿ ಮರದ ಹೊಟ್ಟು. ಆ ಬೀಜವನ್ನು ನಾನು ಮಾರಲಿಲ್ಲ. ಅಂದಿನಿಂದ ಒಳಗೆ ಬರುವ ಪ್ರತಿ ಚೀಲಕ್ಕೂ ಯಾವ ಸಾಲಿನ ಬೆಳೆ ಎಂದು ಚೀಟಿ ಕಟ್ಟುತ್ತೇನೆ.

ಹಾಗಾದರೆ ಮಲಬಾರ್ ಮಾನ್ಸೂನ್ ಕಾಫಿಯನ್ನು ಜನ ಏಕೆ ಮೆಚ್ಚುತ್ತಾರೆ ಎಂದು ಕೆಲವರು ಮರುಪ್ರಶ್ನೆ ಹಾಕುತ್ತಾರೆ. ಅದು ಮೂಲೆಯಲ್ಲಿ ಮರೆತ ಬೀಜ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ತೆರೆದ ಗೋದಾಮುಗಳಲ್ಲಿ ಹರಡಿ, ಕೈಯಾಡಿಸುತ್ತಾ, ಮುಂಗಾರಿನ ಗಾಳಿಯನ್ನು ಬೇಕೆಂದೇ ಕುಡಿಸಿದ್ದು. ಬೀಜ ಉಬ್ಬಿ ಹಳದಿಯಾಗುತ್ತದೆ, ಹುಳಿ ಬಹುಮಟ್ಟಿಗೆ ಇಳಿದು ಕಾಫಿ ದಪ್ಪವಾಗುತ್ತದೆ. ಹಾಯಿಹಡಗುಗಳು ಆಫ್ರಿಕಾವನ್ನು ಬಳಸಿ ತಿಂಗಳುಗಟ್ಟಲೆ ಸಾಗುತ್ತಿದ್ದ ಕಾಲದಲ್ಲಿ ಯೂರೋಪಿನವರಿಗೆ ತಾನಾಗಿ ಒಗ್ಗಿದ್ದ ರುಚಿ ಅದು. ಎಚ್ಚರದಿಂದ ಮಾಡಿದ್ದಕ್ಕೂ ಅಲಕ್ಷ್ಯದಿಂದ ಆದದ್ದಕ್ಕೂ ಬಹಳ ಅಂತರವಿದೆ.

ಹಾಲು, ಚಿಕೋರಿ ಹೆಚ್ಚಾದಷ್ಟೂ ಈ ವ್ಯತ್ಯಾಸ ಮರೆಯಾಗುತ್ತದೆ ಎಂಬುದು ನಿಜ. ನಿಯಮದ ಪ್ರಕಾರ ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಶೇಕಡಾ 51ಕ್ಕಿಂತ ಕಡಿಮೆ ಇರಬಾರದು. ಆ ಅಂಚಿಗೆ ಬಂದ ಪುಡಿಯಲ್ಲಿ ಬೀಜದ ವಯಸ್ಸನ್ನು ಗುರುತಿಸುವುದು ಕಷ್ಟ. ನಿಮ್ಮದು ಅಂಥ ಪುಡಿಯಾದರೆ ದುಬಾರಿ ಹೊಸ ಬೆಳೆಗೆ ಹಣ ಸುರಿಯಬೇಡಿ ಎಂದೇ ನಾನು ಹೇಳುವುದು. ಚಿಕೋರಿ ಇಲ್ಲದೆ ಕುಡಿಯುವವರು ಮಾತ್ರ ಹುರಿದ ದಿನದ ಜೊತೆಗೆ ಬೆಳೆಯ ಸಾಲನ್ನೂ ಯಾವ ಅಂಗಡಿಯಲ್ಲಾದರೂ ಕೇಳಿ. ಕೇಳುವುದು ನಿಮ್ಮ ಹಕ್ಕು.

ಹೋದ ನವೆಂಬರ್‌ನಲ್ಲಿ ಇದೇ ಪ್ರಶ್ನೆ ಹಿಡಿದು ಬಂದ ಒಬ್ಬ ನಿವೃತ್ತ ಉಪಾಧ್ಯಾಯಿನಿಯನ್ನು ಕೂರಿಸಿ ಎರಡು ಲೋಟ ಡಿಕಾಕ್ಷನ್ ಕೊಟ್ಟೆ, ಹಾಲು ಸಕ್ಕರೆ ಇಲ್ಲದೆ. ಎರಡೂ ಹಿಂದಿನ ದಿನ ಹುರಿದವು: ಒಂದು ಆ ವರ್ಷದ್ದು, ಇನ್ನೊಂದು ಅದಕ್ಕೂ ಹಿಂದಿನ ವರ್ಷದ ಬೀಜ, ಹೋಲಿಸಿ ತೋರಿಸಲೆಂದೇ ನಾನು ಎತ್ತಿಟ್ಟಿದ್ದು. ಎರಡನೆಯದನ್ನು ಒಂದು ಗುಟುಕು ಕುಡಿದು ಕೆಳಗಿಟ್ಟರು. ಮೊದಲನೆಯದನ್ನು ಮತ್ತೆ ಕೈಗೆತ್ತಿಕೊಂಡು, "ಇದೂ ಯುಗಾದಿಯಷ್ಟಿಲ್ಲ, ಆದರೆ ಜೀವ ಇದೆ" ಎಂದರು. ಹೊಸದು ಯಾವಾಗ ಬರುತ್ತದೆ ಎಂದು ಕೇಳಿದರು. ಈಗ ಕೊಯ್ಲು ಶುರುವಾಗಿದೆ, ಶಿವರಾತ್ರಿಯ ಸಿದ್ಧಗಂಗೆ ಜಾತ್ರೆಯ ಹೊತ್ತಿಗೆ ಬನ್ನಿ ಎಂದೆ. ಅಲ್ಲಿಯವರೆಗೆ ಸಾಕೆಂದು ಕಾಲು ಕಿಲೋ ಮಾತ್ರ ಕಟ್ಟಿಸಿಕೊಂಡು ಹೋದರು.