ಒಂದು ಪ್ರತಿ, ಎರಡು ಗುರುತುಚೀಟಿ: ಓದಿಗೆ ಮರಳಿದ ವರ್ಷದ ದಿನಚರಿ

ಜನವರಿ 6

ಇಂದಿನಿಂದ ಲೆಕ್ಕ ಇಡಲು ತೊಡಗಿದ್ದೇನೆ. ಲೆಕ್ಕಪತ್ರ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವಳಿಗೆ ಬೇರೆ ದಾರಿ ತಿಳಿಯುವುದಿಲ್ಲವಾದ್ದರಿಂದ, ಇನ್ನೂರು ಪುಟದ ನೋಟುಬುಕ್ಕೊಂದರಲ್ಲಿ ನಾಲ್ಕು ಕಾಲಂಗಳನ್ನು ಎಳೆದು ದಿನಾಂಕ, ಆರಂಭದ ಪುಟ, ಕೊನೆಯ ಪುಟ, ಪುಸ್ತಕ ಮುಚ್ಚಿದ ಸ್ಟೇಷನ್ ಎಂದು ಬರೆದುಕೊಂಡಿದ್ದೇನೆ. ಓದುವ ಜಾಗ ಡೊಂಬಿವಲಿಯಿಂದ ದಾದರ್‌ವರೆಗಿನ ಮುಂಬಯಿಯ ಲೋಕಲ್ ರೈಲು. ಇಷ್ಟು ದಿನ ಕಲ್ಯಾಣದ ಕಡೆಯಿಂದ ತುಂಬಿ ಬರುವ ಫಾಸ್ಟ್ ಗಾಡಿಯಲ್ಲಿ ಬಾಗಿಲ ಬಳಿ ಒತ್ತಿಕೊಂಡು ನಿಲ್ಲುತ್ತಿದ್ದೆ. ಇನ್ನು ಮುಂದೆ ಅರ್ಧ ಗಂಟೆ ಬೇಗ ಎದ್ದು, ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಗಾಡಿಯನ್ನು ಹಿಡಿಯುವುದೆಂದು ತೀರ್ಮಾನಿಸಿದ್ದೇನೆ. ಅದರಲ್ಲಿ ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವಳಾಗಿ ಕೂರುವ ಫೋರ್ತ್ ಸೀಟಾದರೂ ಸಿಗುತ್ತದೆ, ದಾದರ್ ಬರಲು ಹತ್ತಿರ ಹತ್ತಿರ ಒಂದು ಗಂಟೆ ಹಿಡಿಯುತ್ತದೆ, ಕೋಪರ್‌ನಿಂದ ಮಾಟುಂಗಾವರೆಗೆ ಒಂದು ಸ್ಟೇಷನ್ನನ್ನೂ ಬಿಡದೆ ನಿಲ್ಲುವ ಆ ಗಾಡಿಯ ನಿಧಾನವೇ ನನಗೀಗ ಬೇಕಾಗಿದೆ.

ಮೊದಲ ಪುಸ್ತಕ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರಲ್ಲಿ ಬಂದ ಈ ಕಾದಂಬರಿಯನ್ನು ಕಾಲೇಜಿನಲ್ಲಿದ್ದಾಗ ಒಂದೇ ಬೇಸಿಗೆ ರಜೆಯಲ್ಲಿ ಓದಿ ಮುಗಿಸಿದ್ದೆನೆಂಬ ಹೆಮ್ಮೆ ನನಗಿತ್ತು.

ಜನವರಿ 29

ಪುಟ 38. ಇಲ್ಲಿಗೇ ನಿಲ್ಲಿಸಿದ್ದೇನೆ.

ಏಳುನೂರಕ್ಕೂ ಹೆಚ್ಚು ಪುಟಗಳ ಪುಸ್ತಕವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಡಬ್ಬಿಯ ಚೀಲವನ್ನು ತಡೆದುಕೊಂಡು ಓದುವುದು ಕಷ್ಟವೇ. ಆದರೆ ನಿಜವಾದ ಕಾರಣ ಅದಲ್ಲ. ಗಂಟೆಗೆ ಆರು ಅಥವಾ ಏಳು ಪುಟಗಳಷ್ಟೇ ಸಾಗುತ್ತಿವೆ, ಎಷ್ಟೋ ದಿನ ಅದೂ ಇಲ್ಲ. ಸಮಯ ಸಿಗದೆ ಓದು ತಪ್ಪಿತೆಂದು ಎಲ್ಲರಂತೆ ನಾನೂ ಹೇಳಿಕೊಂಡು ಬಂದಿದ್ದೆ. ಈಗ ಸಮಯವೂ ಇದೆ, ಸೀಟೂ ಇದೆ, ಓದು ಮಾತ್ರ ಓಡುತ್ತಿಲ್ಲ. ಎರಡು ವಾರ ನನ್ನನ್ನು ನಾನೇ ಗಮನಿಸಿದ ಮೇಲೆ ತಿಳಿದದ್ದೇನೆಂದರೆ, ನನ್ನ ಕಣ್ಣಿಗೆ ಕನ್ನಡ ಮರೆತಿದೆ. ಕಚೇರಿಯಲ್ಲಿ ದಿನವಿಡೀ ರೋಮನ್ ಅಕ್ಷರ ಮತ್ತು ಅಂಕಿಗಳು. ಬೀದಿಯ ಫಲಕ, ಸೊಸೈಟಿಯ ಸುತ್ತೋಲೆ, ಮಕ್ಕಳ ಶಾಲೆಯ ಪತ್ರಗಳೆಲ್ಲ ದೇವನಾಗರಿ. ದೇವನಾಗರಿಯ ತಲೆಗೆರೆಯ ಮೇಲೆ ಓಡಿ ಓಡಿ ಪಳಗಿದ ಕಣ್ಣು ಕನ್ನಡದ ಸಾಲಿನಲ್ಲಿಯೂ ಮೇಲುಮೇಲಕ್ಕೇ ಓಡುತ್ತದೆ, ಸಾಲಿನ ಕೆಳಗೆ ನೇತಾಡುವ ಒತ್ತಕ್ಷರಗಳು ತಪ್ಪಿಸಿಕೊಳ್ಳುತ್ತವೆ, ಪದ ಅರ್ಥವಾಗದೆ ನಾನು ಹಿಂದಕ್ಕೆ ಬರುತ್ತೇನೆ. ಕುಂದಾಪುರದಲ್ಲಿ ಹುಟ್ಟಿ ಬೆಳೆದು, ಕನ್ನಡ ಮಾಧ್ಯಮದಲ್ಲೇ ಹತ್ತನೆಯ ತರಗತಿಯವರೆಗೆ ಓದಿದವಳು ಹೀಗೆ ಒತ್ತಕ್ಷರ ಹುಡುಕುವ ಸ್ಥಿತಿಗೆ ಬಂದುದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಲೆಕ್ಕದ ಪುಸ್ತಕದಲ್ಲಿ ನಷ್ಟವನ್ನೂ ಬರೆಯಬೇಕಾಗುತ್ತದೆ.

ಮಾರ್ಚ್ 17

ಮಾಸ್ತಿಯವರ ಸಣ್ಣಕತೆಗಳಿಗೆ ಬಂದಿದ್ದೇನೆ. ‘ಶ್ರೀನಿವಾಸ’ ಎಂಬ ಹೆಸರಿನಲ್ಲಿ ಬರೆದ ಮಾಸ್ತಿಯವರ ಮೊದಲ ಸಂಕಲನ ‘ಕೆಲವು ಸಣ್ಣ ಕತೆಗಳು’ 1920ರಲ್ಲಿ ಬಂದದ್ದು. ನೂರು ವರ್ಷ ದಾಟಿದ ಆ ಗದ್ಯ ನನ್ನಂಥ ಮೊಂಡುಗಣ್ಣಿಗೂ ಎಡರಾಗುವುದಿಲ್ಲ. ಯಾರೋ ಎದುರಿನ ಬೆಂಚಿನಲ್ಲಿ ಕುಳಿತು ಅವಸರವಿಲ್ಲದೆ ಸಂಗತಿಯನ್ನು ಹೇಳುತ್ತಿರುವಂತೆ ಅದು ಸಾಗುತ್ತದೆ. ‘ರಂಗನ ಮದುವೆ’ ಮುಗಿದಾಗ ಗಾಡಿ ಠಾಣೆ ಸ್ಟೇಷನ್ನಿಗೆ ಬರುತ್ತಿತ್ತು. ಒಂದು ಪ್ರಯಾಣದಲ್ಲಿ ಒಂದು ಕತೆ ಆರಂಭವಾಗಿ ಮುಗಿಯುವ ಸುಖವನ್ನು ನಾನು ಕಡೆಗಣಿಸಬಾರದಿತ್ತು. ದೊಡ್ಡ ಪುಸ್ತಕದಿಂದ ಓದಿಗೆ ಮರಳಲು ಹೋದದ್ದು ಶುದ್ಧ ಅಹಂಕಾರವೇ ಸರಿ.

ಗಂಟೆಗೆ 12 ಪುಟ.

ಏಪ್ರಿಲ್ 11

ಹಳೆಯ ಸಹಪಾಠಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾವು ಐವರು ಪ್ರತಿ ರಾತ್ರಿ ಅಂದಿನ ಓದನ್ನು ಹಂಚಿಕೊಳ್ಳುವುದೆಂದು ಮಾಡಿಕೊಂಡ ಏರ್ಪಾಡನ್ನು ಇಂದಿಗೆ ಬಿಟ್ಟೆ. ಮೊದಲ ವಾರ ಎಲ್ಲರೂ ಕತೆಯ ಬಗ್ಗೆ ಎರಡು ಮಾತು ಬರೆದರು. ಎರಡನೆಯ ವಾರ ಮುಖಪುಟದ ಚಿತ್ರಗಳು ಬಂದವು. ಮೂರನೆಯ ವಾರ ಬರಿಯ ಪುಟಸಂಖ್ಯೆಗಳು ಉಳಿದವು. ಇನ್ನೊಬ್ಬಳ 60ರ ಎದುರು ನನ್ನ 12 ಸಣ್ಣದಾಗಿ ಕಂಡ ದಿನ ನಾನು ಓದದೆಯೇ ಪುಟ ಮಗುಚಿದ್ದೆ. ಅಂಕಿಗಳು ನನ್ನ ನೋಟುಬುಕ್ಕಿನಲ್ಲಿಯೇ ಇರಲಿ.

ಜೂನ್ 20

ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕ ನೋಡಲು ಹೋಗಿದ್ದಾಗ ಪಕ್ಕದ ಕುರ್ಚಿಯ ಹಿರಿಯರೊಬ್ಬರು ನನ್ನ ಓದಿನ ಪ್ರವರವನ್ನೆಲ್ಲ ಕೇಳಿ, ಮುಂಬಯಿಯಲ್ಲಿದ್ದುಕೊಂಡು ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ಓದಿಲ್ಲವೆಂದರೆ ಹೇಗೆ ಎಂದು ಗದರಿದರು. ಆ ಗದರಿಕೆಯ ಫಲವಾಗಿ ಕನ್ನಡ ಸಂಘವೊಂದರ ಗ್ರಂಥಾಲಯದಿಂದ ಪುಸ್ತಕ ತಂದಿದ್ದೇನೆ. ಆ ಗ್ರಂಥಾಲಯ ಸಂಜೆ ಎರಡೇ ಗಂಟೆ ತೆರೆದಿರುತ್ತದೆ, ಆ ಹೊತ್ತಿಗೆ ದುಡಿಯುವವರೆಲ್ಲ ಗಾಡಿಯಲ್ಲಿರುತ್ತಾರೆ. ಒಂದು ಪುಸ್ತಕಕ್ಕಾಗಿ ನಾನು ಅರ್ಧ ದಿನ ರಜೆ ಹಾಕಬೇಕಾಯಿತು. ಕೊನೆಯ ಪುಟಕ್ಕೆ ಅಂಟಿಸಿದ ಚೀಟಿಯಲ್ಲಿ ನನಗಿಂತ ಹಿಂದಿನ ಮೊಹರು 1998ರದು.

ಕಂಪನಿಯಿಂದ ಅಮಾನತುಗೊಂಡ ನಾಗಪ್ಪನ ಕತೆ 1979ರಲ್ಲಿ ಪ್ರಕಟವಾದದ್ದು. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಚಿತ್ತಾಲರು ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ಉನ್ನತ ಹುದ್ದೆಯಲ್ಲಿದ್ದವರು, 2014ರಲ್ಲಿ ಈ ಊರಿನಲ್ಲಿಯೇ ತೀರಿಕೊಂಡವರು. ಕಚೇರಿಯೊಳಗಿನ ಸಂಶಯ, ಪಿಸುಮಾತು, ಒಳಸಂಚುಗಳನ್ನು ಹೊರಗಿನವರು ಹೀಗೆ ಬರೆಯಲಾರರು. ನಾನು ಓದುತ್ತಿರುವುದು ಕಚೇರಿಗೆ ಹೋಗುವ ಗಾಡಿಯಲ್ಲಿ ಎಂಬುದೂ ಸೇರಿಕೊಂಡು, ಕೆಲವು ದಿನ ದಾದರಿನಲ್ಲಿ ಇಳಿಯುವಾಗ ನನ್ನ ಮೇಲಧಿಕಾರಿಯ ಮುಖವನ್ನು ಸಂಶಯದಿಂದ ನೆನೆದದ್ದುಂಟು.

ಜುಲೈ 15

ಅವಘಡ. ಕುರ್ಲಾ ಮತ್ತು ಸಾಯನ್ ನಡುವೆ ನೀರು ನಿಂತು ಗಾಡಿಗಳು ತಡೆದವು. ಇಳಿದು ನಡೆಯುವಾಗ ಚೀಲದೊಳಕ್ಕೆ ಮಳೆನೀರು ಇಳಿದು ಸಂಘದ ಪುಸ್ತಕ ಬೆನ್ನಿನ ಕಡೆಯಿಂದ ಮೂರನೆಯ ಒಂದು ಭಾಗ ನೆನೆದುಹೋಯಿತು. ಇಸ್ತ್ರಿಪೆಟ್ಟಿಗೆಯಿಂದ ಒಣಗಿಸಲು ಹೊರಟ ನನ್ನನ್ನು ಮಾವ ತಡೆದರು. ಪುಸ್ತಕವನ್ನು ಬಿಸಿಲಿಗೂ ಬೆಂಕಿಗೂ ಒಡ್ಡಿದರೆ ಹಾಳೆಗಳು ಅಲೆಯಲೆಯಾಗಿ ಸೆಟೆದುಕೊಳ್ಳುತ್ತವೆ, ಬೆನ್ನಿನ ಅಂಟು ಬಿಡುತ್ತದೆ. ಹತ್ತು ಹದಿನೈದು ಹಾಳೆಗೊಂದರಂತೆ ಬಿಳಿಯ ಕಾಗದವನ್ನು ಇಟ್ಟು, ಫ್ಯಾನಿನ ಕೆಳಗೆ ನಿಲ್ಲಿಸಿ, ಕಾಗದ ಒದ್ದೆಯಾದಂತೆಲ್ಲ ಬದಲಿಸುತ್ತ ಹೋಗಬೇಕು; ಅಚ್ಚಿನ ಮಸಿ ಹತ್ತುವುದರಿಂದ ದಿನಪತ್ರಿಕೆ ಸಲ್ಲದು. ಮುಕ್ಕಾಲು ಒಣಗಿದ ಮೇಲೆ ಎರಡು ಮಣೆಗಳ ನಡುವೆ ಇಟ್ಟು ಮೇಲೆ ದೋಸೆ ಹಿಟ್ಟಿನ ಗ್ರೈಂಡರಿನ ಕಲ್ಲನ್ನು ಹೇರಿದೆವು. ನಾಲ್ಕು ದಿನ ಮನೆಯಲ್ಲಿ ದೋಸೆಯಿಲ್ಲ.

ಮಾವ ಇದನ್ನೆಲ್ಲ ಕಲಿತದ್ದು ಎಲ್ಲಿ ಎಂದು ಆಗ ಕೇಳಿದೆ. ಹದಿನಾಲ್ಕನೆಯ ವಯಸ್ಸಿಗೆ ಊರು ಬಿಟ್ಟು ಬಂದು, ಹಗಲು ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದ ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು ಅವರು. ಹೋಟೆಲಿನ ಹಿಂಬದಿಯಲ್ಲಿ ಮಲಗುತ್ತಿದ್ದ ಹುಡುಗರ ಪಠ್ಯಪುಸ್ತಕಗಳು ಪ್ರತಿ ಮಳೆಗಾಲದಲ್ಲಿ ನೆನೆಯುತ್ತಿದ್ದುವಂತೆ. ಇಪ್ಪತ್ತೇಳು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಿರದ ಸಂಗತಿ ಇದು.

ಆಗಸ್ಟ್ 28

‘ಶಿಕಾರಿ’ ಮುಗಿಯಿತು. ಗಂಟೆಗೆ 18 ಪುಟ. ಗ್ರಂಥಾಲಯದವರು ಉಬ್ಬಿದ ಬೆನ್ನನ್ನು ಎರಡು ಬಾರಿ ತಿರುಗಿಸಿ ನೋಡಿ, ದಂಡ ಕೇಳದೆ ಒಳಗೆ ಇಟ್ಟುಕೊಂಡರು.

ಸೆಪ್ಟೆಂಬರ್ 24

‘ಮದುಮಗಳು’ ಮತ್ತೆ ಮೊದಲ ಪುಟದಿಂದ. ಈ ಬಾರಿ ಕೀಲಿಕೈ ಸಿಕ್ಕಿದ್ದು ಮಾವನಿಂದ. ನಾನು ಅಡುಗೆಮನೆಯಲ್ಲಿದ್ದಾಗ ಅವರು ಅದೇ ಪ್ರತಿಯನ್ನು ಎತ್ತಿಕೊಂಡು, ರಾತ್ರಿಶಾಲೆಯ ರೂಢಿಯಂತೆ ತುಟಿಯಲ್ಲಿ ಸಣ್ಣಗೆ ಉಚ್ಚರಿಸುತ್ತ ಓದುತ್ತಿದ್ದರು. ಕಣ್ಣಿಗೆ ತೊಡಕಾಗಿ ಕಂಡಿದ್ದ ಮಲೆನಾಡಿನ ಆಡುಮಾತು ಕಿವಿಗೆ ಬಿದ್ದೊಡನೆ ಸಲೀಸಾಗಿ ಅರ್ಥವಾಯಿತು. ಕಾದಂಬರಿಯ ನಾಯಿಗುತ್ತಿ ತನ್ನ ನಾಯಿ ಹುಲಿಯನೊಡನೆ ಆಡುವ ಮಾತಂತೂ ನಮ್ಮ ಊರಿನ ಗದ್ದೆಯಂಚಿನಿಂದ ಕೇಳಿಬಂದಂತಿತ್ತು. ಮರುದಿನದಿಂದ ಗಾಡಿಯಲ್ಲಿ ನಾನೂ ತುಟಿಯಾಡಿಸಿ ಓದುತ್ತಿದ್ದೇನೆ. ಪಕ್ಕದ ಸೀಟಿನ ಮರಾಠಿ ಹೆಂಗಸು ನಾನು ಸ್ತೋತ್ರ ಪಠಿಸುತ್ತಿದ್ದೇನೆಂದು ತಿಳಿದು ತನ್ನ ಫೋನಿನ ಸದ್ದನ್ನು ತಗ್ಗಿಸಿದಳು, ನಾನು ತಿದ್ದಲು ಹೋಗಲಿಲ್ಲ.

ಹೀಗೆ ಒಂದೇ ಪ್ರತಿಗೆ ಈಗ ಇಬ್ಬರು ಓದುಗರು. ಹಗಲು ನನ್ನದು, ಸಂಜೆ ಏಳರಿಂದ ಮಾವನದು. ಓದು ನಿಂತ ಪುಟಕ್ಕೆ ನಾನಿಡುವ ಗುರುತು ಮುಗಿದ ತಿಂಗಳ ರೈಲ್ವೆ ಪಾಸ್. ಅವರದು ಬೆಸ್ಟ್ ಬಸ್ಸಿನ ಹಳೆಯ ಟಿಕೇಟು.

ಅಕ್ಟೋಬರ್ 15

ಅಬ್ದುಲ್ ಕಲಾಂ ಅವರ ಜನ್ಮದಿನವನ್ನು ಮಹಾರಾಷ್ಟ್ರದಲ್ಲಿ ವಾಚನ ಪ್ರೇರಣಾ ದಿನವೆಂದು ಆಚರಿಸುತ್ತಾರೆ. ಕಚೇರಿಯ ಮೇಜಿನ ಮೇಲೆ ಎಲ್ಲರೂ ತಾವು ಓದುತ್ತಿರುವ ಪುಸ್ತಕ ಇಟ್ಟಾಗ ನಾನೂ ಇಟ್ಟೆ. ಸಹೋದ್ಯೋಗಿಗಳು ಕೇಳಿದರೆಂದು ಮೊದಲ ಐವತ್ತು ಪುಟಗಳ ಕತೆಯನ್ನು ಮರಾಠಿಯಲ್ಲಿ ಹೇಳಲು ಹೋಗಿ, ಯಾರು ಯಾರ ಮನೆಯ ಆಳು ಎಂಬಲ್ಲಿ ತೊಡರಿದೆ. ಸಂಜೆ ಮಾವನ ಬಳಿ ಕುಳಿತು ಮನೆತನಗಳ ಪಟ್ಟಿಯನ್ನು ನೋಟುಬುಕ್ಕಿನ ಕೊನೆಯಲ್ಲಿ ಬರೆದುಕೊಂಡೆ.

ನವೆಂಬರ್ 9

ನನ್ನ ಪಾಸ್ 412ರಲ್ಲಿದೆ, ಮಾವನ ಟಿಕೇಟು 484ರಲ್ಲಿ. ಭಾನುವಾರಗಳಲ್ಲಿ ಅವರು ಮುನ್ನುಗ್ಗುತ್ತಾರೆ. ಮುಂದೇನಾಯಿತೆಂದು ಕೇಳಿದರೆ ಬಾಯಿ ಬಿಡುವುದಿಲ್ಲ. ‘ಎಲ್ಲಿಗೆ ಬಂತು ನಿಂದು?’ ಎಂದು ಕೇಳಿ, ನಾನು ಹೇಳಿದ ಪುಟದ ಸಂಖ್ಯೆಗೆ ತಲೆಯಾಡಿಸುತ್ತಾರೆ, ಅಷ್ಟೆ.

ಶುಕ್ರವಾರ ಅವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ. ಕೆಲವು ದಿನ ಓದುವಂತಿಲ್ಲವಾದ್ದರಿಂದ ಸಂಜೆಯ ಪಾಲನ್ನು ನಾನು ಗಟ್ಟಿಯಾಗಿ ಓದಿ ಹೇಳಬೇಕೆಂದು ನಿಶ್ಚಯವಾಗಿದೆ. ಅವರು ನಿಲ್ಲಿಸಿದ ಕಡೆಯಿಂದಲೇ ಶುರುವಾಗಬೇಕೆಂಬುದು ಅವರ ಷರತ್ತು, ನಡುವಿನದನ್ನು ಹಾರಿಸಲಾರೆನೆಂಬುದು ನನ್ನದು. ಅವರೂ ಇದ್ದಲ್ಲಿಯೇ ನಿಲ್ಲಲು ಒಪ್ಪಿದ್ದಾರೆ. ಗುರುವಾರ ರಾತ್ರಿಯೊಳಗೆ 72 ಪುಟಗಳಾಗಬೇಕು. ಈ ಪುಸ್ತಕದಲ್ಲಿ ನನ್ನ ವೇಗ ಗಂಟೆಗೆ 14. ನಾಲ್ಕು ಬೆಳಗುಗಳಿಗೆ 56 ಆಗುತ್ತದೆ, 16 ಉಳಿಯುತ್ತದೆ. ಈ ವಾರ ಮರಳುವಾಗಲೂ ದಾದರಿನಲ್ಲಿ ಫಾಸ್ಟ್ ಬಿಟ್ಟು ಸ್ಲೋ ಗಾಡಿಗೇ ನಿಲ್ಲಬೇಕು, ಘಾಟ್ಕೋಪರಿನಲ್ಲಿ ಇಳಿಯುವವರ ಸೀಟನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು.