ಪುಸ್ತಕ ಮನೆಗೆ ಬಂದ ಪದ್ಮಶ್ರೀ

26 ಜನವರಿ 2026, ಸೋಮವಾರ

ನಿನ್ನೆ ಪದ್ಮ ಪ್ರಶಸ್ತಿಯ ಪಟ್ಟಿಯಲ್ಲಿ ಅಂಕೇಗೌಡರ ಹೆಸರು ನೋಡಿದಾಗಿನಿಂದ ಯಾವ ಕೆಲಸಕ್ಕೂ ಮನಸ್ಸಿಲ್ಲ. ಖುಷಿ ಅಂದ್ರೆ ಖುಷಿ. ನಮ್ಮ ಪಾಂಡವಪುರದ ಹತ್ತಿರದ ಹರಳಹಳ್ಳಿಯವರು! ಬಸ್ ಕಂಡಕ್ಟರ್ ಆಗಿದ್ದಾಗಲೇ ಪುಸ್ತಕ ಕೂಡಿಡಲು ಶುರು ಮಾಡಿದರು. ಆಮೇಲೆ ಸಕ್ಕರೆ ಕಾರ್ಖಾನೆಯ ಸಂಬಳದಲ್ಲಿ ಬಹುಪಾಲು ಅದಕ್ಕೇ ಹೋಯಿತು. ಮೈಸೂರಿನಲ್ಲಿದ್ದ ಆಸ್ತಿಯನ್ನೂ ಮಾರಿದರು. ಈಗ ಅವರ ಪುಸ್ತಕ ಮನೆಯಲ್ಲಿ ಸುಮಾರು 20 ಲಕ್ಷ ಪುಸ್ತಕಗಳಿವೆ. ಯಾರು ಬೇಕಾದರೂ ಹೋಗಿ ಓದಬಹುದು, ಒಂದು ರೂಪಾಯಿ ಕೊಡಬೇಕಿಲ್ಲ.

ಮಧ್ಯಾಹ್ನ ತಂಗಿಯ ಮಗಳು ಮೊಬೈಲ್‌ನಲ್ಲಿ ಆ ಮನೆಯ ಫೋಟೋ ನೋಡುತ್ತಾ ಪಕ್ಕಕ್ಕೆ ಬಂದು ಕೂತಳು.

"ಈ ಪ್ರಶಸ್ತಿಗೆ ದುಡ್ಡು ಎಷ್ಟು ಬರುತ್ತೆ?"

"ದುಡ್ಡು ಇಲ್ಲ ಕಣೇ. ರಾಷ್ಟ್ರಪತಿಗಳ ಸಹಿ ಇರೋ ಸನದು, ಒಂದು ಪದಕ."

"ಹೆಸರಿನ ಹಿಂದೆ ಪದ್ಮಶ್ರೀ ಅಂತ ಹಾಕ್ಕೋಬಹುದು ಅಲ್ವಾ?"

"ಹಾಗೂ ಇಲ್ಲ. ಬಿರುದಿನ ಥರ ಬಳಸಬಾರದು ಅಂತ ನಿಯಮ."

ಅವಳು ಫೋಟೋ ದೊಡ್ಡದು ಮಾಡಿದಳು. ನೆಲದಿಂದ ಎದೆಮಟ್ಟದವರೆಗೆ ಒಂದರ ಮೇಲೊಂದು ಪುಸ್ತಕ, ನಡುವೆ ಒಬ್ಬರು ನಡೆಯುವಷ್ಟು ದಾರಿ. "ಹಾಗಾದ್ರೆ ಇದನ್ನೆಲ್ಲ ಯಾರು ಜೋಡಿಸ್ತಾರೆ?"

ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಅದೇ ಕೊರೀತಾ ಇದೆ.

ಪದ್ಮ ಪ್ರಶಸ್ತಿ ವ್ಯಕ್ತಿಗೆ ಮಾತ್ರ. ಅಂಕೇಗೌಡರಿಗೆ ಸಿಗುತ್ತದೆ, ಪುಸ್ತಕ ಮನೆಗೆ ಸಿಗುವುದಿಲ್ಲ. ನಮ್ಮ ರಾಜ್ಯೋತ್ಸವ ಪ್ರಶಸ್ತಿ ಸಂಘ ಸಂಸ್ಥೆಗಳಿಗೂ ಇದೆ, ಅದರಲ್ಲಿ 5 ಲಕ್ಷ ರೂಪಾಯಿಯೂ ಚಿನ್ನದ ಪದಕವೂ ಬರುತ್ತವೆ. ಒಳ್ಳೆಯದೇ. ಆದರೆ 20 ಲಕ್ಷ ಪುಸ್ತಕಕ್ಕೆ ಬೇಕಾದದ್ದು ಪಟ್ಟಿ ಮಾಡುವ ಕೈಗಳು, ಕಪಾಟು, ಗೆದ್ದಲು ಬರದಂಥ ಗೋಡೆ, ತಿಂಗಳಾ ತಿಂಗಳಾ ಸಂಬಳ ಸಿಗುವ ಲೈಬ್ರರಿಯನ್. ಇಷ್ಟು ವರ್ಷ ಇದನ್ನೆಲ್ಲ ಒಂದೇ ಸಂಸಾರ ಹೊತ್ತಿದೆ. ಅವರು, ಅವರ ಹೆಂಡತಿ ಅಲ್ಲೇ ಪುಸ್ತಕಗಳ ಮಧ್ಯೆ ವಾಸ. ಅವರಿಗೀಗ 75ರ ಆಸುಪಾಸು.

ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರಿಗೆ ಪದ್ಮಶ್ರೀ ಬಂದದ್ದು 2017ರಲ್ಲಿ. ಆಗ ಅವರಿಗೆ 103 ವರ್ಷ. ಸಾಹಿತ್ಯ ಪರಿಷತ್ತಿನ ನಿಘಂಟಿಗೆ ದುಡಿದು ಎಷ್ಟೋ ದಶಕ ಆಗಿತ್ತು. ಅಷ್ಟು ಹೊತ್ತಿಗೆ ನಾವೆಲ್ಲ ಆ ನಿಘಂಟು ಬಿಡಿಸಿ ಬಿಡಿಸಿ ಬೆಳೆದಿದ್ದೆವು. ಓದು ಬರಹದ ಕೆಲಸ ಮಾಡುವವರ ಕಡೆ ನಾವು ತಿರುಗಿ ನೋಡುವುದೇ ಇಷ್ಟು ತಡ. ಅವರು ಗಟ್ಟಿ ಇದ್ದಾಗ, ಇನ್ನೊಬ್ಬ ಸಹಾಯಕ ಸಿಕ್ಕಿದ್ದರೆ ಇನ್ನೊಂದು ಸಂಪುಟ ಬರುತ್ತಿತ್ತು ಅನ್ನುವಾಗ ಕೊಡಬೇಕಪ್ಪ.

ಸಿಟ್ಟು ಬರೋದಕ್ಕೆ ಇವತ್ತು ದಿನ ಅಲ್ಲ, ಗೊತ್ತು. ಅಮ್ಮ ಟಿವಿಯಲ್ಲಿ ಪರೇಡ್ ನೋಡಿ ಮುಗಿಸಿ "ಕಂಡಕ್ಟರ್‌ಗೆ ಪದ್ಮಶ್ರೀ" ಅಂತ ಪಕ್ಕದ ಮನೆಯವರಿಗೆಲ್ಲ ಹೇಳಿ ಬಂದರು. ಅವರ ಮುಖ ನೋಡಿ ನನಗೂ ಹಿಗ್ಗು. ಪುಸ್ತಕ ಓದದ ಮನೆಗಳಲ್ಲೂ ಇವತ್ತು ಒಂದು ಲೈಬ್ರರಿಯ ಮಾತು ನಡೆದಿದೆ, ಅದು ಸುಮ್ನೆ ಆಗುವಂಥದ್ದಲ್ಲ.

ಅಟ್ಟದ ಮೇಲೆ ಅಪ್ಪನ ಪುಸ್ತಕಗಳು ಪೆಟ್ಟಿಗೆಯಲ್ಲೇ ಇವೆ. ಹರಳಹಳ್ಳಿಗೆ ಕೊಡೋಣ ಅಂತ ಅಮ್ಮ ಅಂದರು. ಕೊಡಬಹುದು. ಆದರೆ ಅಲ್ಲಿ ಇನ್ನೊಂದು ರಾಶಿ ಮಾಡುವ ಬದಲು, ಮೊದಲು ನಾಲ್ಕು ಜನ ಸೇರಿ ಭಾನುವಾರ ಹೋಗಿ, ಇರುವುದರಲ್ಲಿ ಒಂದು ಸಾಲನ್ನಾದರೂ ಪಟ್ಟಿ ಮಾಡಿಕೊಟ್ಟರೆ ಹೇಗೆ? ಅವರು ಒಪ್ಪಬೇಕು. ಮತ್ತೆ ಹಳೆಯ ಮಾಸಪತ್ರಿಕೆಗಳನ್ನು ವರ್ಷದ ಪ್ರಕಾರ ಇಡುವುದೋ, ಹೆಸರಿನ ಪ್ರಕಾರವೋ?